ಯಾರೂ ತಲೆ ಎಣಿಸದ ನಾಲ್ಕು ಕೋಟಿ

ವಿಶ್ವಸಂಸ್ಥೆಯ ಏಡ್ಸ್ ಕಾರ್ಯಕ್ರಮವಾದ ಯುಎನ್‌ಏಡ್ಸ್ ಲೆಕ್ಕದ ಪ್ರಕಾರ 2024ರ ಕೊನೆಗೆ ಜಗತ್ತಿನಲ್ಲಿ ಎಚ್‌ಐವಿಯೊಂದಿಗೆ ಬದುಕುತ್ತಿದ್ದವರು 4 ಕೋಟಿ 8 ಲಕ್ಷ ಮಂದಿ. ಅವರಲ್ಲಿ ಶೇ 87ರಷ್ಟು ಜನರಿಗೆ ತಮಗೆ ಸೋಂಕಿದೆ ಎಂದು ಗೊತ್ತಿತ್ತು. ಉಳಿದ ಸುಮಾರು 53 ಲಕ್ಷ ಜನರಿಗೆ ಗೊತ್ತಿರಲಿಲ್ಲ. ಈ ಕೊನೆಯ ಮಾತಿನ ಮೇಲೆ ಒಂದು ಕ್ಷಣ ನಿಲ್ಲಬೇಕು. ಸ್ವತಃ ಅವರಿಗೇ ತಿಳಿಯದ, ಯಾವ ಆಸ್ಪತ್ರೆಯ ರಿಜಿಸ್ಟರಿನಲ್ಲೂ ಹೆಸರಿಲ್ಲದ 53 ಲಕ್ಷ ಜನ ಇದ್ದಾರೆಂಬುದು ಬೇರೆಯವರಿಗೆ ತಿಳಿದದ್ದಾದರೂ ಹೇಗೆ?

ವರದಿಯಲ್ಲಿ ಆ 4 ಕೋಟಿ 8 ಲಕ್ಷದ ಪಕ್ಕದಲ್ಲೇ ಇನ್ನೆರಡು ಸಂಖ್ಯೆಗಳಿವೆ: 3 ಕೋಟಿ 70 ಲಕ್ಷ, 4 ಕೋಟಿ 56 ಲಕ್ಷ. ನಿಜವಾದ ಸಂಖ್ಯೆ ಇವೆರಡರ ನಡುವೆ ಎಲ್ಲೋ ಇದೆ ಎಂದರ್ಥ. ಸುದ್ದಿಯಾಗುವಷ್ಟರಲ್ಲಿ ಈ ಎರಡೂ ಉದುರಿಹೋಗಿ ನಡುವಿನದೊಂದೇ ಉಳಿದಿರುತ್ತದೆ, ಯಾರೋ ಮನೆಮನೆಗೆ ಹೋಗಿ ತಲೆ ಎಣಿಸಿಕೊಂಡು ಬಂದರೇನೋ ಎಂಬಷ್ಟು ಖಚಿತವಾಗಿ. ಹಾಗೆ ಯಾರೂ ಎಣಿಸಿಲ್ಲ, ಎಣಿಸಲು ಸಾಧ್ಯವೂ ಇಲ್ಲ. ಚಿಕಿತ್ಸೆ ಇಲ್ಲದಿದ್ದರೂ ಈ ವೈರಸ್ ಎಂಟು ಹತ್ತು ವರ್ಷ ಯಾವ ಲಕ್ಷಣವನ್ನೂ ತೋರದೆ ಮೈಯಲ್ಲಿ ಇರಬಲ್ಲದು. ಗೊತ್ತಾದವರೂ ಬಾಯಿಬಿಡಲು ಹೆದರುತ್ತಾರೆ. ಎಷ್ಟೋ ದೇಶಗಳಲ್ಲಿ ಕಾನೂನೇ ಅವರನ್ನು ಅಡಗಿಕೊಳ್ಳುವಂತೆ ಮಾಡುತ್ತದೆ. ಹಾಗಾಗಿ ಈ ಸಂಖ್ಯೆಯನ್ನು ಬೇರೆಬೇರೆ ಕಡೆಯ ಚೂರುಗಳಿಂದ ಕಟ್ಟಬೇಕಾಗುತ್ತದೆ. ಪ್ರತಿಯೊಂದು ಚೂರೂ ಯಾರನ್ನೋ ಬಿಟ್ಟಿರುತ್ತದೆ. ಯಾವುದು ಯಾರನ್ನು ಬಿಟ್ಟಿದೆ ಎಂದು ತಿಳಿದುಕೊಳ್ಳುವುದೇ ಈ ಕೆಲಸದ ಮುಕ್ಕಾಲು ಪಾಲು.

ಆಸ್ಪತ್ರೆಗೆ ಬಂದವರ ಲೆಕ್ಕ

ಮೊದಲು ಇದ್ದದ್ದು ಇದೊಂದೇ ದಾರಿ. 1981ರ ಜೂನ್ 5ರಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ವಾರಪತ್ರಿಕೆಯಲ್ಲಿ, ಲಾಸ್ ಏಂಜಲೀಸಿನ ಐವರು ಯುವಕರಿಗೆ ಅಪರೂಪದ ನ್ಯುಮೋನಿಯಾ ಬಂದದ್ದರ ಪುಟ್ಟ ವರದಿ ಪ್ರಕಟವಾಯಿತು. ಅಲ್ಲಿಂದ ಮುಂದೆ ಏಡ್ಸ್ ಪ್ರಕರಣಗಳನ್ನು ಒಂದೊಂದಾಗಿ ಬರೆದಿಡುತ್ತಾ ಬಂದರು. ಆದರೆ ಏಡ್ಸ್ ಎಂಬುದು ಸೋಂಕಿನ ಕೊನೆಯ ಹಂತ. ಇವತ್ತು ಆಸ್ಪತ್ರೆಗೆ ಬಂದವರು ಎಷ್ಟೋ ವರ್ಷಗಳ ಹಿಂದೆ ಸೋಂಕು ತಗುಲಿಸಿಕೊಂಡವರು. ವೈರಸ್ಸನ್ನು ಪತ್ತೆಹಚ್ಚುವ ರಕ್ತಪರೀಕ್ಷೆಗೆ ಅನುಮತಿ ಸಿಕ್ಕಿದ್ದು 1985ರಲ್ಲಿ. ಆ ಕಾಲದ ಸಂಖ್ಯಾಶಾಸ್ತ್ರಜ್ಞರು ಒಂದು ಉಪಾಯ ಮಾಡಿದರು: ಸೋಂಕು ತಗುಲಿ ಏಡ್ಸ್ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಎಷ್ಟು ಕಾಲ ಬೇಕೆಂದು ತಿಳಿದಿದ್ದರೆ, ಇಂದಿನ ರೋಗಿಗಳ ಸಂಖ್ಯೆಯಿಂದ ಹಿಂದಕ್ಕೆ ಲೆಕ್ಕ ಹಾಕಿ ಯಾವ ವರ್ಷ ಎಷ್ಟು ಜನರಿಗೆ ಸೋಂಕು ತಗುಲಿರಬೇಕೆಂದು ಹೇಳಬಹುದು. ಇದನ್ನು ಹಿಮ್ಮುಖ ಲೆಕ್ಕಾಚಾರ ಎನ್ನೋಣ. ಅದರ ಮೊಮ್ಮಕ್ಕಳಂಥ ವಿಧಾನಗಳು ಈಗಲೂ ಬಳಕೆಯಲ್ಲಿವೆ. ಈಗ ಏಡ್ಸ್ ಬರುವವರೆಗೆ ಕಾಯಬೇಕಿಲ್ಲ. ಸೋಂಕು ಪತ್ತೆಯಾದ ದಿನ ರಕ್ತದಲ್ಲಿ ಸಿಡಿ4 ಎಂಬ ರೋಗನಿರೋಧಕ ಕಣಗಳು ಎಷ್ಟಿದ್ದವು ಎಂಬುದರಿಂದ ಸೋಂಕಿಗೆ ಸುಮಾರು ಎಷ್ಟು ವರ್ಷವಾಗಿರಬಹುದೆಂದು ಊಹಿಸುತ್ತಾರೆ. ಆ ಕಣಗಳು ಕರಗುತ್ತಾ ಹೋಗುವ ವೇಗ ಗೊತ್ತಿರುವುದರಿಂದ ಇದು ಸಾಧ್ಯ.

ಪ್ರಕರಣ ದಾಖಲಾತಿ ಚೆನ್ನಾಗಿರುವ ದೇಶಗಳಿಗೆ ಇದೇ ಬೆನ್ನೆಲುಬು. ಆದರೂ ಇದರಲ್ಲಿ ಸಿಗುವುದು ಪರೀಕ್ಷೆಗೆ ಬಂದವರು ಮಾತ್ರ. ಒಬ್ಬರೇ ಎರಡು ಊರಿನಲ್ಲಿ ಪರೀಕ್ಷೆ ಮಾಡಿಸಿದರೆ ಇಬ್ಬರಾಗುತ್ತಾರೆ. ತೀರಿಕೊಂಡವರ ಹೆಸರು ಪಟ್ಟಿಯಿಂದ ಇಳಿಯದಿದ್ದರೆ ಅವರು ವರ್ಷಗಟ್ಟಲೆ ಕಾಗದದ ಮೇಲೆ ಬದುಕಿರುತ್ತಾರೆ. ಇದನ್ನು ತಪ್ಪಿಸಲು ಹೆಸರು ಅಥವಾ ಗುರುತಿನ ಸಂಖ್ಯೆ ಬೇಕು. ಹೆಸರು ಕೇಳಿದರೆ ಜನ ಪರೀಕ್ಷೆಗೇ ಬಾರದೆ ಹೋಗಬಹುದು. ಅಮೆರಿಕದಂಥ ದೇಶದಲ್ಲೂ ಎಲ್ಲ ರಾಜ್ಯಗಳು ಹೆಸರು ಸಹಿತ, ಗೋಪ್ಯವಾಗಿ ಎಚ್‌ಐವಿ ಪ್ರಕರಣ ದಾಖಲಿಸುವ ಪದ್ಧತಿಗೆ ಒಪ್ಪಲು 2008ರವರೆಗೆ ಕಾಯಬೇಕಾಯಿತು.

ಗರ್ಭಿಣಿಯರ ರಕ್ತದಲ್ಲಿ ಉಳಿದದ್ದು

ಆಫ್ರಿಕಾದ ಬಹುಪಾಲು ದೇಶಗಳಲ್ಲಿ ಅಂಥ ದಾಖಲಾತಿಯೇ ಇರಲಿಲ್ಲ. 1980ರ ದಶಕದ ಕೊನೆಯ ಹೊತ್ತಿಗೆ ಅಲ್ಲಿ ಬೇರೊಂದು ದಾರಿ ಕಂಡಿತು. ಗರ್ಭಿಣಿಯರು ತಪಾಸಣೆಗೆ ಬಂದಾಗ ಸಿಫಿಲಿಸ್ ಪರೀಕ್ಷೆಗೆಂದು ರಕ್ತ ತೆಗೆಯುವ ರೂಢಿ ಮೊದಲೇ ಇತ್ತು. ಆ ಪರೀಕ್ಷೆಯ ಬಳಿಕ ಟ್ಯೂಬಿನಲ್ಲಿ ಒಂದಿಷ್ಟು ರಕ್ತ ಉಳಿಯುತ್ತದೆ. ಹೆಸರು, ವಿಳಾಸದ ಚೀಟಿ ಕಿತ್ತು, ವಯಸ್ಸು ಮತ್ತು ಊರಿನಂಥ ಒಂದೆರಡು ವಿವರ ಮಾತ್ರ ಉಳಿಸಿಕೊಂಡು ಆ ರಕ್ತವನ್ನು ಎಚ್‌ಐವಿ ಪರೀಕ್ಷೆಗೆ ಒಡ್ಡಿದರು. ಆಯ್ದ ಕೆಲವು ಕ್ಲಿನಿಕ್‌ಗಳಲ್ಲಿ, ಪ್ರತಿ ವರ್ಷ ನಿಗದಿತ ಕೆಲವು ವಾರ, ಕೆಲವು ನೂರು ಗರ್ಭಿಣಿಯರು. ಇದಕ್ಕೆ ಸೆಂಟಿನೆಲ್ ಸರ್ವೇಕ್ಷಣೆ ಎನ್ನುತ್ತಾರೆ. ಸೆಂಟಿನೆಲ್ ಎಂದರೆ ಕಾವಲುಗಾರ. ಊರಿಗೆಲ್ಲ ಕಾವಲು ಹಾಕಲಾಗದಾಗ ಕೆಲವು ಆಯಕಟ್ಟಿನ ಜಾಗದಲ್ಲಿ ಆಳು ನಿಲ್ಲಿಸಿದಂತೆ.

ಖರ್ಚು ಕಡಿಮೆ, ನಿರಾಕರಿಸುವವರಿಲ್ಲ, ಪ್ರತಿ ವರ್ಷ ಅದೇ ಜಾಗದಲ್ಲಿ ಅದೇ ಅಳತೆ. ಸೋಂಕು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ಇಷ್ಟು ಅಗ್ಗವಾಗಿ ಹೇಳಬಲ್ಲ ಇನ್ನೊಂದು ವಿಧಾನ ಆಗ ಇರಲಿಲ್ಲ. ಆದರೆ ಗರ್ಭಿಣಿಯರು ಇಡೀ ಸಮಾಜದ ಪ್ರತಿನಿಧಿಗಳೇ? ಗಂಡಸರು ಇಲ್ಲಿಲ್ಲ. ಕಾಂಡೋಮ್ ಬಳಸುವ ಹೆಂಗಸರು ಕಡಿಮೆ. ಇತ್ತ ಸೋಂಕಿನಿಂದ ಗರ್ಭಧಾರಣೆಯ ಸಾಧ್ಯತೆಯೇ ಕುಗ್ಗುವುದರಿಂದ ಬಹುಕಾಲದಿಂದ ಸೋಂಕಿರುವ ಹೆಂಗಸರೂ ಇಲ್ಲಿ ಕಡಿಮೆ ಕಾಣಿಸುತ್ತಾರೆ. ಕ್ಲಿನಿಕ್‌ಗಳು ಹೆಚ್ಚಾಗಿ ಪಟ್ಟಣಗಳಲ್ಲಿ, ರಸ್ತೆ ಇರುವ ಕಡೆ. ಒಂದು ದೋಷ ಸಂಖ್ಯೆಯನ್ನು ಮೇಲಕ್ಕೆ ಎಳೆದರೆ ಇನ್ನೊಂದು ಕೆಳಕ್ಕೆ ಎಳೆಯುತ್ತದೆ. ಎಲ್ಲ ಸೇರಿ ಎಷ್ಟಾಯಿತೆಂದು ಕ್ಲಿನಿಕ್ ಒಳಗೆ ಕುಳಿತು ಹೇಳಲಾಗುವುದಿಲ್ಲ.

ಇನ್ನೊಂದು ಪ್ರಶ್ನೆ ಲೆಕ್ಕದ್ದಲ್ಲ. ಟ್ಯೂಬಿನ ರಕ್ತದಲ್ಲಿ ಸೋಂಕು ಕಂಡಿತು. ಅದು ಯಾರ ರಕ್ತವೆಂದು ಪರೀಕ್ಷೆ ಮಾಡಿದವರಿಗೂ ತಿಳಿಯದು. ಆಕೆ ಏನೂ ಅರಿಯದೆ ಮನೆಗೆ ಹೋದಳು. ಚಿಕಿತ್ಸೆಯೇ ಇಲ್ಲದ ಕಾಲದಲ್ಲಿ ಇದನ್ನು ಹೇಗೋ ಸಮರ್ಥಿಸಿಕೊಳ್ಳಬಹುದಿತ್ತು. ತಾಯಿಯಿಂದ ಮಗುವಿಗೆ ಸೋಂಕು ದಾಟದಂತೆ ತಡೆಯುವ ಔಷಧಿ ಬಂದ ಮೇಲೆ ಆ ಸಮರ್ಥನೆ ನಿಲ್ಲಲಿಲ್ಲ. ಅಮೆರಿಕದಲ್ಲಿ ನವಜಾತ ಶಿಶುಗಳ ರಕ್ತವನ್ನು ಇದೇ ರೀತಿ ಹೆಸರು ತೆಗೆದು ಪರೀಕ್ಷಿಸುತ್ತಿದ್ದ ಸಮೀಕ್ಷೆಯನ್ನು ಈ ವಿವಾದದ ನಡುವೆಯೇ 1995ರಲ್ಲಿ ನಿಲ್ಲಿಸಲಾಯಿತು. ಈಗ ಬಹಳಷ್ಟು ದೇಶಗಳು ಬೇರೆ ಸರ್ವೇಕ್ಷಣೆ ಮಾಡುವ ಬದಲು, ಗರ್ಭಿಣಿಯರಿಗೆ ಅವರ ಒಪ್ಪಿಗೆ ಪಡೆದು, ಫಲಿತಾಂಶ ತಿಳಿಸಿ, ಚಿಕಿತ್ಸೆ ಕೊಡುವ ನಿತ್ಯದ ಪರೀಕ್ಷೆಯ ಅಂಕಿಗಳನ್ನೇ ಬಳಸುತ್ತವೆ. ಅಂಕಿಯ ಗುಣಮಟ್ಟ ತುಸು ಏರುಪೇರಾದರೂ ಆಗಲಿ, ಆಕೆಗೆ ತಿಳಿಯಲೇಬೇಕು. ನನ್ನ ದೃಷ್ಟಿಯಲ್ಲಿ ಇದು ತಡವಾಗಿ ಬಂದ ಸರಿಯಾದ ತೀರ್ಮಾನ.

ಮನೆಬಾಗಿಲಿನ ಐದು ಹನಿ

2000ದ ನಂತರ ಚಿತ್ರ ಬದಲಾಯಿತು. ಕುಟುಂಬ, ಮಕ್ಕಳ ಆರೋಗ್ಯ, ಪೋಷಣೆಯ ಬಗ್ಗೆ ಮನೆಮನೆಗೆ ಹೋಗಿ ಕೇಳುವ ಜನಸಂಖ್ಯಾ ಮತ್ತು ಆರೋಗ್ಯ ಸಮೀಕ್ಷೆಗಳು ಮೊದಲೇ ಹಲವು ದೇಶಗಳಲ್ಲಿ ನಡೆಯುತ್ತಿದ್ದವು. ಅವುಗಳಿಗೆ ಎಚ್‌ಐವಿ ಪರೀಕ್ಷೆಯನ್ನೂ ಸೇರಿಸಿದರು. ಆಫ್ರಿಕಾದಲ್ಲಿ ಮಾಲಿ ಮತ್ತು ಜಾಂಬಿಯಾ ಮೊದಲಿಗರಲ್ಲಿದ್ದವು.

ಸಮೀಕ್ಷೆಯ ತಂಡ ಚೀಟಿ ಎತ್ತಿದಂತೆ ಆರಿಸಿದ ಮನೆಯೊಂದಕ್ಕೆ ಬರುತ್ತದೆ. ಒಪ್ಪಿಗೆ ಪಡೆದು, ಬೆರಳ ತುದಿಯನ್ನು ಸ್ಪಿರಿಟ್ಟಿನಿಂದ ಒರೆಸಿ, ಸಣ್ಣ ಸೂಜಿಯಿಂದ ಚುಚ್ಚುತ್ತಾರೆ. ಮೊದಲ ಹನಿಯನ್ನು ಒರೆಸಿ ತೆಗೆಯುತ್ತಾರೆ. ಮುಂದಿನ ಹನಿಗಳು ದಪ್ಪ ಫಿಲ್ಟರ್ ಕಾಗದದ ಮೇಲೆ ಅಚ್ಚಾಗಿರುವ ವೃತ್ತಗಳಲ್ಲಿ ಒಂದೊಂದಾಗಿ ಇಂಗುತ್ತವೆ. ಸಾಮಾನ್ಯವಾಗಿ ಐದು ವೃತ್ತ. ಕಾರ್ಡಿನ ಮೇಲೆ ಹೆಸರಿಲ್ಲ, ಬಾರ್‌ಕೋಡ್ ಇರುವ ಒಂದು ಸ್ಟಿಕ್ಕರ್ ಇರುತ್ತದೆ. ನೆರಳಿನಲ್ಲಿ ಒಣಗಿಸಿ, ತೇವ ಹೀರುವ ಪುಟ್ಟ ಪೊಟ್ಟಣಗಳೊಂದಿಗೆ ಚೀಲದಲ್ಲಿ ಮುಚ್ಚಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಒಣಗಿದ ರಕ್ತಕ್ಕೆ ದಾರಿಯುದ್ದಕ್ಕೂ ಐಸ್ ಪೆಟ್ಟಿಗೆ ಬೇಕಿಲ್ಲ. ಕರೆಂಟ್ ಇಲ್ಲದ ಹಳ್ಳಿಗೂ ಸಮೀಕ್ಷೆ ತಲುಪಲು ಸಾಧ್ಯವಾದದ್ದು ಈ ಕಾಗದದ ತುಂಡಿನಿಂದ. ಪ್ರಶ್ನಾವಳಿಯ ಉತ್ತರಗಳನ್ನು ರಕ್ತದ ಫಲಿತಾಂಶಕ್ಕೆ ಜೋಡಿಸುವ ಮೊದಲು, ಯಾವ ಮನೆ ಯಾವ ಊರು ಎಂದು ತೋರಿಸುವ ಕೋಡ್‌ಗಳನ್ನು ಕಲಸಿಬಿಡುತ್ತಾರೆ, ಗುರುತು ಇರುವ ಹಾಳೆಗಳನ್ನು ನಾಶ ಮಾಡುತ್ತಾರೆ. ಆಮೇಲೆ ಯಾರು ಬಯಸಿದರೂ ಹಿಂದಕ್ಕೆ ಹೋಗಿ ಆ ಮನೆಯ ಬಾಗಿಲು ಹುಡುಕಲಾಗುವುದಿಲ್ಲ.

ಮನೆಬಾಗಿಲಿನ ರಕ್ತ ಹೇಳಿದ್ದು ಕ್ಲಿನಿಕ್‌ನ ರಕ್ತ ಹೇಳಿದ್ದಕ್ಕಿಂತ ಬೇರೆಯೇ ಆಗಿತ್ತು. ಕೆನ್ಯಾದಲ್ಲಿ 2003ರ ಸಮೀಕ್ಷೆ ವಯಸ್ಕರಲ್ಲಿ ಶೇ 6.7ರಷ್ಟು ಸೋಂಕು ಕಂಡಿತು. ಗರ್ಭಿಣಿಯರ ಅಂಕಿಗಳ ಮೇಲೆ ನಿಂತಿದ್ದ ಅಂದಾಜು ಅದಕ್ಕಿಂತ ಎತ್ತರದಲ್ಲಿತ್ತು. ಎಲ್ಲಕ್ಕಿಂತ ದೊಡ್ಡ ಅಲುಗಾಟ ಭಾರತದ್ದು. ದೇಶದಲ್ಲಿ 57 ಲಕ್ಷ ಸೋಂಕಿತರಿದ್ದಾರೆ, ದಕ್ಷಿಣ ಆಫ್ರಿಕಾವನ್ನೂ ಮೀರಿಸಿದೆ ಎಂಬ ಮಾತು 2006ರಲ್ಲಿ ಓಡಾಡುತ್ತಿತ್ತು. 2005–06ರ ಮೂರನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಒಂದು ಲಕ್ಷಕ್ಕೂ ಹೆಚ್ಚು ಜನರ ರಕ್ತ ಪರೀಕ್ಷಿಸಿತು. ಸೋಂಕು ಕಂಡದ್ದು ಶೇ 0.28ರಷ್ಟು ಜನರಲ್ಲಿ. 2007ರಲ್ಲಿ ಅಧಿಕೃತ ಅಂದಾಜು 25 ಲಕ್ಷಕ್ಕೆ ಇಳಿಯಿತು. ಅದೇ ವರ್ಷ ಜಗತ್ತಿನ ಅಂದಾಜೂ 3 ಕೋಟಿ 95 ಲಕ್ಷದಿಂದ 3 ಕೋಟಿ 32 ಲಕ್ಷಕ್ಕೆ ಕುಸಿಯಿತು. ಆ ಇಳಿಕೆಯ ಬಹುದೊಡ್ಡ ಪಾಲು ಭಾರತದ ಈ ತಿದ್ದುಪಡಿಯದೇ.

ಹಾಗೆ ಕಡಿಮೆಯಾದವರು ಗುಣವಾದವರಲ್ಲ, ಸತ್ತವರೂ ಅಲ್ಲ. ಅವರು ಎಂದೂ ಇರಲೇ ಇಲ್ಲ. ಸರ್ಕಾರಿ ಆಸ್ಪತ್ರೆಗಳ ಅಂಕಿ ಏಕೆ ಉಬ್ಬಿತ್ತು ಎಂಬುದಕ್ಕೆ ಆಂಧ್ರಪ್ರದೇಶದ ಗುಂಟೂರು ಜಿಲ್ಲೆಯಲ್ಲಿ ನಡೆದ ಒಂದು ಅಧ್ಯಯನ ಕಾರಣ ತೋರಿಸಿತ್ತು: ಸೋಂಕಿರುವವರನ್ನು, ಸೋಂಕಿನ ಶಂಕೆ ಇರುವವರನ್ನು ಖಾಸಗಿಯವರು ದೊಡ್ಡ ಸರ್ಕಾರಿ ಆಸ್ಪತ್ರೆಗಳಿಗೆ ಕಳಿಸುತ್ತಿದ್ದರು. ಕಾವಲುಗಾರ ನಿಂತ ಜಾಗಕ್ಕೇ ಕಾಯಿಲೆಯವರು ಹರಿದುಬರುತ್ತಿದ್ದರು. ನೈಜೀರಿಯಾದಲ್ಲೂ ಇಂಥದ್ದೇ ನಡೆಯಿತು. 2018ರಲ್ಲಿ ಅಲ್ಲಿ ಸುಮಾರು ಎರಡು ಲಕ್ಷ ಜನರನ್ನು ಒಳಗೊಂಡ ಭಾರಿ ಸಮೀಕ್ಷೆ ನಡೆದು, ಶೇ 2.8 ಎಂದುಕೊಂಡಿದ್ದ ಸೋಂಕಿನ ಪ್ರಮಾಣ ಶೇ 1.4 ಎಂದು ತಿಳಿಯಿತು. ಸಂಖ್ಯೆ ಇಳಿದದ್ದು ಒಳ್ಳೆಯ ಸುದ್ದಿಯೇ. ಆದರೂ ರೋಗ ಇಳಿದದ್ದು ಬೇರೆ, ಅಳತೆಗೋಲು ಬದಲಾದದ್ದು ಬೇರೆ. ಇದನ್ನು ಕಲಸಿಕೊಂಡರೆ ಯಾವುದೋ ಕಾರ್ಯಕ್ರಮಕ್ಕೆ ಸಲ್ಲದ ಶ್ರೇಯಸ್ಸೋ ಸಲ್ಲದ ಬೈಗುಳವೋ ಸಿಗುತ್ತದೆ.

ಮನೆ ಸಮೀಕ್ಷೆಗೂ ಅದರದೇ ಕುರುಡುಜಾಗಗಳಿವೆ. ಜೈಲು, ಹಾಸ್ಟೆಲ್, ಸೇನಾ ಶಿಬಿರ, ಬೀದಿ ಇವು ಮನೆಗಳಲ್ಲ. ಕೆಲಸಕ್ಕೆಂದು ಊರುಬಿಟ್ಟ ಗಂಡಸರು ಬಾಗಿಲು ತಟ್ಟಿದಾಗ ಸಿಗುವುದಿಲ್ಲ. ತಮಗೆ ಸೋಂಕಿದೆ ಎಂದು ತಿಳಿದವರು ರಕ್ತ ಕೊಡಲು ನಿರಾಕರಿಸುವುದು ಉಳಿದವರಿಗಿಂತ ಹೆಚ್ಚು. ಸೋಂಕು ವಿರಳವಾಗಿರುವ ದೇಶದಲ್ಲಿ ಇನ್ನೊಂದು ತೊಡಕು ಎದುರಾಗುತ್ತದೆ. ಹತ್ತು ಸಾವಿರ ಜನರನ್ನು ಪರೀಕ್ಷಿಸಿದೆವು, ಅವರಲ್ಲಿ ನಿಜವಾಗಿ ಸೋಂಕಿರುವವರು 30 ಮಂದಿ ಎಂದಿಟ್ಟುಕೊಳ್ಳಿ. ಪರೀಕ್ಷೆ ಬಹಳ ಒಳ್ಳೆಯದು, ಸೋಂಕಿಲ್ಲದ ಸಾವಿರ ಜನರಲ್ಲಿ ಐವರನ್ನು ಮಾತ್ರ ತಪ್ಪಾಗಿ ಸೋಂಕಿತರೆನ್ನುತ್ತದೆ. ಆದರೂ 9,970 ಜನರಲ್ಲಿ ಅಂಥ ತಪ್ಪುಗಳು ಸುಮಾರು 50 ಆಗುತ್ತವೆ. ಅಂದರೆ ‘ಸೋಂಕಿದೆ’ ಎಂದು ಬಂದ 80 ಫಲಿತಾಂಶಗಳಲ್ಲಿ 50 ಸುಳ್ಳು! ಎರಡನೇ, ಮೂರನೇ ಬೇರೆ ಬಗೆಯ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳದ ಸಮೀಕ್ಷೆ ಇಲ್ಲದ ರೋಗವನ್ನು ಹುಟ್ಟಿಸಿಬಿಡುತ್ತದೆ.

2015ರಿಂದ ಜಿಂಬಾಬ್ವೆ, ಮಲಾವಿ, ಜಾಂಬಿಯಾದಿಂದ ಆರಂಭವಾಗಿ ಇನ್ನೊಂದು ತಲೆಮಾರಿನ ಮನೆ ಸಮೀಕ್ಷೆಗಳು ಬಂದವು. ಅಮೆರಿಕ ಸರ್ಕಾರದ ಏಡ್ಸ್ ನೆರವು ಕಾರ್ಯಕ್ರಮವಾದ ಪೆಪ್‌ಫಾರ್ ಹಣದಿಂದ, ಕೊಲಂಬಿಯಾ ವಿಶ್ವವಿದ್ಯಾಲಯದ ಐಕ್ಯಾಪ್ ಸಂಸ್ಥೆಯ ನೆರವಿನಿಂದ ನಡೆದ ಇವುಗಳನ್ನು ಫಿಯಾ ಎಂದು ಕರೆಯುತ್ತಾರೆ. ಇಲ್ಲಿ ಫಲಿತಾಂಶವನ್ನು ಮನೆಯಲ್ಲೇ ತಿಳಿಸಿ, ಆಪ್ತಸಮಾಲೋಚನೆ ಮಾಡಿ, ಚಿಕಿತ್ಸೆಗೆ ಕಳಿಸುತ್ತಾರೆ. ರಕ್ತದಲ್ಲಿ ವೈರಸ್ ಎಷ್ಟಿದೆ, ಅಂದರೆ ವೈರಲ್ ಲೋಡ್ ಎಷ್ಟು ಎಂಬುದನ್ನೂ ಅಳೆಯುತ್ತಾರೆ. ಎಚ್‌ಐವಿ ಔಷಧಿಯ ಅಂಶ ರಕ್ತದಲ್ಲಿದೆಯೇ ಎಂದೂ ನೋಡುತ್ತಾರೆ. ‘ನನಗೆ ಸೋಂಕಿದೆಯೆಂದು ಗೊತ್ತೇ ಇರಲಿಲ್ಲ’ ಎಂದು ಪ್ರಶ್ನಾವಳಿಗೆ ಉತ್ತರಿಸಿದ ಕೆಲವರ ರಕ್ತದಲ್ಲಿ ಔಷಧಿ ಸಿಕ್ಕಿತು. ಅವರು ಆಗಲೇ ಚಿಕಿತ್ಸೆ ಪಡೆಯುತ್ತಿದ್ದರು, ಮನೆಗೆ ಬಂದ ಅಪರಿಚಿತರಿಗೆ ಹೇಳಲು ಮನಸ್ಸಾಗಲಿಲ್ಲ. ಅವರನ್ನು ಸುಳ್ಳುಗಾರರೆನ್ನಲು ನನಗೆ ಬಾಯಿ ಬರುವುದಿಲ್ಲ. ಇದರಿಂದ ತಿಳಿದದ್ದಿಷ್ಟು: ಬಾಯಿಮಾತನ್ನಷ್ಟೇ ನಂಬಿದ್ದರೆ ‘ಗೊತ್ತಿಲ್ಲದವರ’ ಸಂಖ್ಯೆ ಉಬ್ಬುತ್ತಿತ್ತು.

ಬಾಗಿಲೇ ಇಲ್ಲದವರನ್ನು ಹುಡುಕುವುದು

ಹಲವು ದೇಶಗಳಲ್ಲಿ ಸೋಂಕು ಸಾಮಾನ್ಯ ಜನರಲ್ಲಿ ತೀರಾ ಕಡಿಮೆ. ಲೈಂಗಿಕ ಕಾರ್ಯಕರ್ತೆಯರು, ಗಂಡಸರೊಡನೆ ಲೈಂಗಿಕ ಸಂಬಂಧವಿರುವ ಗಂಡಸರು, ಟ್ರಾನ್ಸ್‌ಜೆಂಡರ್ ಜನ, ಸೂಜಿಯಿಂದ ಮಾದಕವಸ್ತು ಚುಚ್ಚಿಕೊಳ್ಳುವವರು, ಇವರಲ್ಲಿ ಹೆಚ್ಚು. ಇವರ ಪಟ್ಟಿ ಎಲ್ಲೂ ಇಲ್ಲ. ಇರಬಾರದು ಕೂಡ, ತಪ್ಪು ಕೈಗೆ ಸಿಕ್ಕರೆ ಅಂಥ ಪಟ್ಟಿ ಪ್ರಾಣಕ್ಕೇ ಕುತ್ತು. ಪಟ್ಟಿಯಿಲ್ಲದೆ ಸ್ಯಾಂಪಲ್ ಆರಿಸುವುದು ಹೇಗೆ?

1997ರಲ್ಲಿ ಡಗ್ಲಸ್ ಹೆಕಥಾರ್ನ್ ಎಂಬ ಸಮಾಜಶಾಸ್ತ್ರಜ್ಞರು ಒಂದು ವಿಧಾನ ಸೂಚಿಸಿದರು. ಸಮುದಾಯದ ನಾಲ್ಕೈದು ಜನರನ್ನು ಬೀಜದಂತೆ ಆರಿಸಿ, ಪ್ರತಿಯೊಬ್ಬರ ಕೈಗೂ ಎರಡೋ ಮೂರೋ ಕೂಪನ್ ಕೊಡುವುದು. ಅವರು ತಮಗೆ ಗೊತ್ತಿರುವ, ತಮ್ಮಂತೆಯೇ ಇರುವ ಇತರರಿಗೆ ಅದನ್ನು ಕೊಡಬೇಕು. ಕೂಪನ್ ಹಿಡಿದು ಬಂದವರಿಗೆ ಸಮಯ ಕೊಟ್ಟದ್ದಕ್ಕೆ ಒಂದಿಷ್ಟು ಹಣ, ಕಳಿಸಿದವರಿಗೂ ಒಂದಿಷ್ಟು. ಬಂದವರಿಗೆ ಮತ್ತೆ ಕೂಪನ್. ಹೀಗೆ ಐದಾರು ಸುತ್ತು ನಡೆದಾಗ ಮೊದಲ ಬೀಜಗಳ ಪ್ರಭಾವ ಸವೆದು, ಸಮೀಕ್ಷಕರು ಎಂದೂ ತಲುಪಲಾಗದಿದ್ದ ಮೂಲೆಗಳಿಂದ ಜನ ಬರತೊಡಗುತ್ತಾರೆ. ಬಂದ ಪ್ರತಿಯೊಬ್ಬರನ್ನೂ ‘ನಿಮಗೆ ಈ ಸಮುದಾಯದ ಎಷ್ಟು ಜನ ಪರಿಚಯ?’ ಎಂದು ಕೇಳುತ್ತಾರೆ. ನೂರು ಜನರ ಪರಿಚಯ ಇರುವವರ ಕೈಗೆ ಕೂಪನ್ ಬರುವ ಸಂಭವ ಹೆಚ್ಚು, ಐದೇ ಜನ ಪರಿಚಯ ಇರುವವರಿಗೆ ಕಡಿಮೆ. ಆದ್ದರಿಂದ ಲೆಕ್ಕ ಕಟ್ಟುವಾಗ ಒಂಟಿಯಾಗಿರುವವರ ಉತ್ತರಕ್ಕೆ ಹೆಚ್ಚು ತೂಕ ಕೊಡುತ್ತಾರೆ. ಯಾರು ಯಾರನ್ನು ಕರೆತರಬೇಕು ಎಂಬುದನ್ನು ಸಮುದಾಯವೇ ನಿರ್ಧರಿಸುವ ಕಾರಣಕ್ಕೆ ನನಗೆ ಈ ವಿಧಾನದ ಬಗ್ಗೆ ವಿಶೇಷ ಗೌರವ. ಹೆಸರು ಹೇಳುವ ಅಗತ್ಯವಿಲ್ಲ, ಕೂಪನ್ ಸಂಖ್ಯೆ ಸಾಕು.

ಸೋಂಕಿನ ಪ್ರಮಾಣ ತಿಳಿದರೂ ಸಮುದಾಯದ ಗಾತ್ರ ತಿಳಿಯದೆ ಸಂಖ್ಯೆ ಸಿಗುವುದಿಲ್ಲ. ಇದಕ್ಕೆ ಕೆರೆಯ ಮೀನು ಎಣಿಸುವವರ ಉಪಾಯವನ್ನೇ ಎರವಲು ತಂದಿದ್ದಾರೆ. ಒಂದು ನಗರದ ಲೈಂಗಿಕ ಕಾರ್ಯಕರ್ತೆಯರಿಗೆ ವಿಶಿಷ್ಟವಾದ ಕೀಲಿಗೊಂಚಲು 400 ಹಂಚಿದರು ಎಂದಿಟ್ಟುಕೊಳ್ಳಿ. ಒಂದು ವಾರದ ಬಳಿಕ ಬೇರೆಯೇ ತಂಡ ಹೋಗಿ 300 ಜನರನ್ನು ಮಾತನಾಡಿಸಿತು. ಅವರಲ್ಲಿ 60 ಜನರಿಗೆ ಆ ಕೀಲಿಗೊಂಚಲು ಸಿಕ್ಕಿತ್ತು, ಅಂದರೆ ಐವರಲ್ಲಿ ಒಬ್ಬರಿಗೆ. ಹಂಚಿದ್ದು 400, ಅದು ಒಟ್ಟು ಸಂಖ್ಯೆಯ ಐದನೇ ಒಂದು ಭಾಗ; ಹಾಗಾದರೆ ಒಟ್ಟು ಸುಮಾರು 2,000. ಕೀಲಿಗೊಂಚಲನ್ನು ಯಾರೋ ಗೆಳತಿಗೆ ಕೊಟ್ಟುಬಿಟ್ಟರೆ, ಎರಡೂ ತಂಡ ಒಂದೇ ಬೀದಿಯಲ್ಲಿ ಸುತ್ತಿದರೆ ಲೆಕ್ಕ ಕೆಡುತ್ತದೆ. ಇನ್ನೊಂದು ವಿಧಾನದ ಹುಟ್ಟು ಇನ್ನೂ ದೂರದ್ದು. 1985ರ ಮೆಕ್ಸಿಕೊ ನಗರದ ಭೂಕಂಪದಲ್ಲಿ ಸತ್ತವರೆಷ್ಟು ಎಂದು ತಿಳಿಯಲು, ‘ನಿಮಗೆ ಗೊತ್ತಿದ್ದವರಲ್ಲಿ ಎಷ್ಟು ಜನ ತೀರಿಕೊಂಡರು?’ ಎಂದು ಬದುಕುಳಿದವರನ್ನು ಕೇಳುವ ಯೋಚನೆ ಮಾನವಶಾಸ್ತ್ರಜ್ಞ ರಸೆಲ್ ಬರ್ನಾರ್ಡ್ ಮತ್ತು ಜೊತೆಗಾರರಿಗೆ ಬಂತು. ಅದೇ ಯೋಚನೆ ಬೆಳೆದು, ಸಾಮಾನ್ಯ ಜನರ ಪರಿಚಯದ ವಲಯದ ಮೂಲಕ ಅಡಗಿರುವ ಸಮುದಾಯಗಳ ಗಾತ್ರ ಅಂದಾಜಿಸುವ ವಿಧಾನವಾಯಿತು. ಆದರೆ ಕಳಂಕ ಎಷ್ಟು ಗಾಢವೋ ಅಷ್ಟೂ ಈ ವಿಧಾನ ಕಡಿಮೆ ತೋರಿಸುತ್ತದೆ. ಗೆಳೆಯನಿಗೇ ಹೇಳದ ಗುಟ್ಟು ಗೆಳೆಯನ ಉತ್ತರದಲ್ಲಿ ಬರುವುದು ಹೇಗೆ?

ನಡವಳಿಕೆಯ ಪ್ರಶ್ನೆಗಳಿಗೂ ಇದೇ ಕಷ್ಟ. ಎದುರಿಗೆ ಕುಳಿತು ‘ಕಾಂಡೋಮ್ ಬಳಸಿದಿರಾ?’ ಎಂದು ಕೇಳಿದರೆ ಹೌದು ಎನ್ನುವವರೇ ಹೆಚ್ಚು. ಭಾರತದಲ್ಲಿ ಇದಕ್ಕೆ ಮತಗಟ್ಟೆ ಸಮೀಕ್ಷೆ ಎಂಬ ಪರಿಹಾರ ಬಳಕೆಗೆ ಬಂತು. ಹತ್ತು ಹನ್ನೆರಡು ಜನ, ಪ್ರತಿಯೊಬ್ಬರ ಮುಂದೆಯೂ ರಟ್ಟಿನ ಮರೆ. ಪ್ರಶ್ನೆ ಓದುತ್ತಾರೆ, ಉತ್ತರದ ಚೀಟಿಯನ್ನು ಡಬ್ಬಿಗೆ ಹಾಕುವುದು. ಯಾರ ಉತ್ತರ ಯಾವುದೆಂದು ತಿಳಿಯದು, ಗುಂಪಿನ ಒಟ್ಟು ಲೆಕ್ಕ ಮಾತ್ರ ಸಿಗುತ್ತದೆ. ಮುಖಾಮುಖಿಯಲ್ಲಿ ಬಾರದ ಉತ್ತರಗಳು ಇಲ್ಲಿ ಬರುತ್ತವೆ.

ಈ ವರ್ಷ ಎಷ್ಟು ಜನರಿಗೆ ತಗುಲಿತು?

ಇದೇ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಒಟ್ಟು ಸೋಂಕಿತರ ಸಂಖ್ಯೆ ಏರಿದರೆ ಜನ ಗಾಬರಿಯಾಗುತ್ತಾರೆ. ಆದರೆ ಚಿಕಿತ್ಸೆ ಸಿಕ್ಕಿ ಜನ ಬದುಕುಳಿದಷ್ಟೂ ಆ ಸಂಖ್ಯೆ ಏರುತ್ತದೆ. ತಡೆಯುವ ಕೆಲಸ ಫಲಿಸುತ್ತಿದೆಯೇ ಎಂದು ತಿಳಿಯಲು ಹೊಸ ಸೋಂಕುಗಳ ಲೆಕ್ಕವೇ ಬೇಕು.

ನೇರ ದಾರಿ ಎಂದರೆ ಸೋಂಕಿಲ್ಲದ ಸಾವಿರಾರು ಜನರನ್ನು ವರ್ಷಗಟ್ಟಲೆ ಹಿಂಬಾಲಿಸುತ್ತಾ ಮತ್ತೆ ಮತ್ತೆ ಪರೀಕ್ಷಿಸುವುದು. ಉಗಾಂಡಾದ ರಕಾಯ್‌ನಲ್ಲಿ 1994ರಿಂದ ಹೀಗೆ ಮಾಡುತ್ತಿದ್ದಾರೆ. ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್, ತಾಂಜಾನಿಯಾದ ಕಿಸೇಸಾ, ಜಿಂಬಾಬ್ವೆಯ ಮನಿಕಾಲ್ಯಾಂಡ್‌ಗಳಲ್ಲೂ ಇಂಥ ಅಧ್ಯಯನಗಳಿವೆ. ಇವುಗಳ ಬೆಲೆ ಅಪಾರ. ಆದರೆ ಒಂದು ಜಿಲ್ಲೆ ಇಡೀ ದೇಶವಲ್ಲ.

ಇನ್ನೊಂದು ದಾರಿ ರಕ್ತದೊಳಗೇ ಇದೆ. ಸೋಂಕು ತಗುಲಿದ ಮೊದಲ ತಿಂಗಳುಗಳಲ್ಲಿ ದೇಹ ತಯಾರಿಸುವ ಪ್ರತಿಕಾಯಗಳು ವೈರಸ್ಸನ್ನು ಸಡಿಲವಾಗಿ ಹಿಡಿಯುತ್ತವೆ. ಕಾಲ ಕಳೆದಂತೆ ಹಿಡಿತ ಬಿಗಿಯಾಗುತ್ತದೆ. ಹಿಡಿತದ ಬಿಗುವನ್ನು ಅಳೆದರೆ ಸೋಂಕು ಹೊಸದೋ ಹಳೆಯದೋ ಹೇಳಬಹುದು. ಈಗ ಹೆಚ್ಚು ಬಳಕೆಯಲ್ಲಿರುವ ಪರೀಕ್ಷೆಯಲ್ಲಿ ‘ಹೊಸದು’ ಎಂದರೆ ಸರಾಸರಿ ಸುಮಾರು 130 ದಿನ. ಚಿಕಿತ್ಸೆಯಲ್ಲಿರುವವರ ಪ್ರತಿಕಾಯಗಳೂ ಸಡಿಲವಾಗಿ ಕಾಣಿಸಬಹುದು. ಹಾಗಾಗಿ ವೈರಲ್ ಲೋಡ್ ತೀರಾ ಕಡಿಮೆ ಇರುವವರನ್ನೂ ರಕ್ತದಲ್ಲಿ ಔಷಧಿ ಸಿಕ್ಕವರನ್ನೂ ‘ಹೊಸದು’ ಪಟ್ಟಿಯಿಂದ ತೆಗೆಯುತ್ತಾರೆ.

ಇದರ ಮಿತಿ ತಿಳಿಯಲು ಸಣ್ಣ ಲೆಕ್ಕವೊಂದು ಸಾಕು. ಸೋಂಕಿಲ್ಲದ 18,000 ಜನರ ಸಮುದಾಯದಲ್ಲಿ ವರ್ಷಕ್ಕೆ ಇನ್ನೂರರಲ್ಲಿ ಒಬ್ಬರಿಗೆ ಸೋಂಕು ತಗುಲುತ್ತದೆ ಎಂದುಕೊಳ್ಳಿ, ಅಂದರೆ 90 ಜನ. 130 ದಿನಗಳ ಕಿಟಕಿಯಲ್ಲಿ ಕಾಣಸಿಗುವವರು ಸುಮಾರು 32. ಸಾವಿರಾರು ಮನೆ ತಿರುಗಿ, ಕೋಟಿಗಟ್ಟಲೆ ಖರ್ಚು ಮಾಡಿ, ಕೊನೆಗೆ ದೇಶದ ಹೊಸ ಸೋಂಕಿನ ಅಂದಾಜು ಮೂವತ್ತು ಚಿಲ್ಲರೆ ರಕ್ತದ ಚುಕ್ಕೆಗಳ ಮೇಲೆ ನಿಲ್ಲುತ್ತದೆ. ಅದರಲ್ಲಿ ನಾಲ್ಕು ತಪ್ಪಾದರೂ ಫಲಿತಾಂಶ ವಾಲುತ್ತದೆ. 2024ರಲ್ಲಿ ಜಗತ್ತಿನಲ್ಲಿ ಹೊಸದಾಗಿ ಸೋಂಕು ತಗುಲಿದವರು 13 ಲಕ್ಷ ಎಂಬ ಅಂದಾಜಿನ ಹರವು 10 ಲಕ್ಷದಿಂದ 17 ಲಕ್ಷದವರೆಗೆ ಇರುವುದೇಕೆ ಎಂದು ಇದರಿಂದ ತಕ್ಕಮಟ್ಟಿಗೆ ಅರ್ಥವಾಗುತ್ತದೆ.

ಸಾವಿನ ಲೆಕ್ಕದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಮರಣ ಪ್ರಮಾಣಪತ್ರದಲ್ಲಿ ಕಾರಣವನ್ನು ಸರಿಯಾಗಿ ಬರೆಯುವ ದೇಶಗಳು ಕಡಿಮೆ. ಕಳಂಕದ ಭಯದಿಂದಲೋ ತಿಳಿಯದೆಯೋ ಎಷ್ಟೋ ಏಡ್ಸ್ ಸಾವುಗಳು ಕ್ಷಯ, ನ್ಯುಮೋನಿಯಾ ಎಂದು ದಾಖಲಾಗುತ್ತವೆ. ಆಸ್ಪತ್ರೆ ಕಾಣದೆ ಸತ್ತವರ ಮನೆಗೆ ಹೋಗಿ, ಕೊನೆಯ ದಿನಗಳಲ್ಲಿ ಏನೇನು ಲಕ್ಷಣವಿತ್ತೆಂದು ಮನೆಯವರನ್ನು ಕೇಳಿ ಕಾರಣ ಊಹಿಸುವ ಪದ್ಧತಿಯೂ ಇದೆ. 2024ರ 6 ಲಕ್ಷ 30 ಸಾವಿರ ಸಾವುಗಳ ಅಂದಾಜಿನಲ್ಲಿ ಹೆಚ್ಚಿನ ಪಾಲು ಗಣಿತದಿಂದ ಬಂದದ್ದು.

ಚೂರುಗಳನ್ನು ಜೋಡಿಸುವ ಯಂತ್ರ

ಆ ಗಣಿತಕ್ಕೆ ಸ್ಪೆಕ್ಟ್ರಮ್ ಎಂಬ ಸಾಫ್ಟ್‌ವೇರ್ ಇದೆ. ಅವೆನಿರ್ ಹೆಲ್ತ್ ಸಂಸ್ಥೆ ಅದನ್ನು ಬೆಳೆಸುತ್ತಿದೆ. ಅಂದಾಜುಗಳು ಯುಎನ್‌ಏಡ್ಸ್ ಕಚೇರಿಯಿರುವ ಜಿನೀವಾದಲ್ಲಿ ತಯಾರಾಗಿ ದೇಶಗಳಿಗೆ ಹೋಗುತ್ತವೆ ಎಂದು ಹಲವರು ತಿಳಿದಿದ್ದಾರೆ. ಆದರೆ ಸಾಮಾನ್ಯವಾಗಿ ಆಯಾ ದೇಶದ ತಂಡವೇ ತನ್ನ ಅಂಕಿಗಳನ್ನು ಹಾಕಿ ಅಂದಾಜು ಕಟ್ಟುತ್ತದೆ, ಯುಎನ್‌ಏಡ್ಸ್ ಪರಿಶೀಲಿಸುತ್ತದೆ, ಆಮೇಲೆ ಎಲ್ಲವನ್ನೂ ಸೇರಿಸುತ್ತದೆ.

ಒಳಗೆ ನಡೆಯುವುದು ಹೀಗೆ. ಸೋಂಕು ಸಾಮಾನ್ಯ ಜನರಲ್ಲೇ ಹರಡಿರುವ ದೇಶವಾದರೆ, ಗರ್ಭಿಣಿಯರ ಕ್ಲಿನಿಕ್ ಅಂಕಿಗಳು ವರ್ಷದಿಂದ ವರ್ಷಕ್ಕೆ ಏರಿಳಿತ ಹೇಗಿತ್ತೆಂದು ಹೇಳುತ್ತವೆ; ನಾಲ್ಕೈದು ವರ್ಷಕ್ಕೊಮ್ಮೆ ಬರುವ ಮನೆ ಸಮೀಕ್ಷೆ ಆ ಗೆರೆ ಎಷ್ಟು ಎತ್ತರದಲ್ಲಿರಬೇಕೆಂದು ಹೇಳುತ್ತದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಕೆಲವೇ ಸಮುದಾಯಗಳಲ್ಲಿ ಸೋಂಕಿರುವ ದೇಶವಾದರೆ ಪ್ರತಿ ಸಮುದಾಯದ ಗಾತ್ರ, ಅದರಲ್ಲಿನ ಪ್ರಮಾಣ ಬೇರೆಬೇರೆ ಸೇರುತ್ತವೆ. ದಾಖಲಾತಿ ಗಟ್ಟಿಯಿರುವ ದೇಶವಾದರೆ ಹೊಸ ಪ್ರಕರಣ ಮತ್ತು ಸಾವಿನ ಅಂಕಿಗಳೇ ಸಾಕು. ಇದರ ಮೇಲೆ ಜನಸಂಖ್ಯೆ, ಹುಟ್ಟು, ಎಆರ್‌ಟಿ ಎಂಬ ಎಚ್‌ಐವಿ ಔಷಧಿ ಚಿಕಿತ್ಸೆಯಲ್ಲಿರುವವರ ಸಂಖ್ಯೆಗಳನ್ನು ಹಾಕುತ್ತಾರೆ. ಮಕ್ಕಳ ಸೋಂಕಿನ ಅಂಕಿ ಬಹುತೇಕ ಇಲ್ಲೇ ಹುಟ್ಟುತ್ತದೆ: ಸೋಂಕಿರುವ ಎಷ್ಟು ತಾಯಂದಿರು ಹೆತ್ತರು, ಎಷ್ಟು ಜನರಿಗೆ ಔಷಧಿ ಸಿಕ್ಕಿತು, ಎಷ್ಟು ಕಾಲ ಎದೆಹಾಲು ಕುಡಿಸಿದರು. ಚಿಕಿತ್ಸೆ ಇಲ್ಲದಿದ್ದರೆ ಮಗುವಿಗೆ ದಾಟುವ ಸಂಭವ ಶೇ 15ರಿಂದ 45, ಸರಿಯಾದ ಚಿಕಿತ್ಸೆ ಸಿಕ್ಕರೆ ಶೇ 5ಕ್ಕಿಂತ ಕಡಿಮೆ. ಇವುಗಳ ಗುಣಾಕಾರದಿಂದ ಮಕ್ಕಳ ಸಂಖ್ಯೆ ಬರುತ್ತದೆ.

ಇವೆಲ್ಲವನ್ನೂ ಒಂದೇ ಬಾರಿ ಲೆಕ್ಕ ಮಾಡಿ ಬಿಡುವುದಿಲ್ಲ. ಪ್ರತಿ ಅಂಕಿಯನ್ನೂ ಅದರ ಅನಿಶ್ಚಿತತೆಗೆ ತಕ್ಕಂತೆ ತುಸು ಅತ್ತಿತ್ತ ಸರಿಸುತ್ತಾ ಮತ್ತೆ ಮತ್ತೆ ಓಡಿಸುತ್ತಾರೆ. ಆಗ ಸಿಗುವ ಗೆರೆಗಳ ಕಟ್ಟಿನ ಅಗಲವೇ ವರದಿಯಲ್ಲಿ ಕಾಣುವ ಆ ಎರಡು ಸಂಖ್ಯೆಗಳು. ಹೊಸ ಸಮೀಕ್ಷೆ ಬಂದಾಗ ಇಡೀ ಗೆರೆ, ಹಿಂದಿನ ಮೂವತ್ತು ವರ್ಷದ ಸಮೇತ, ಮರುಬರೆಯಲ್ಪಡುತ್ತದೆ. ಆದ್ದರಿಂದ ಹಳೆಯ ವರದಿಯಿಂದ ಒಂದು ಸಂಖ್ಯೆ, ಹೊಸ ವರದಿಯಿಂದ ಒಂದು ಸಂಖ್ಯೆ ತೆಗೆದು ಕಳೆಯುವುದು ದೊಡ್ಡ ತಪ್ಪು. ಹೋಲಿಸಬೇಕಾದರೆ ಒಂದೇ ವರದಿಯೊಳಗಿನ ಎರಡು ವರ್ಷಗಳನ್ನು ಹೋಲಿಸಬೇಕು. ಸುದ್ದಿ ಬರೆಯುವವರು ಇದೊಂದನ್ನು ನೆನಪಿಟ್ಟರೂ ಎಷ್ಟೋ ಸುಳ್ಳು ಗಾಬರಿ ತಪ್ಪುತ್ತದೆ.

ಈಗ 53 ಲಕ್ಷಕ್ಕೆ ಹಿಂದಿರುಗೋಣ. ಯಂತ್ರ ಕೊಟ್ಟ ಒಟ್ಟು ಸಂಖ್ಯೆ 4 ಕೋಟಿ 8 ಲಕ್ಷ. ಪ್ರಕರಣ ದಾಖಲಾತಿ, ಪರೀಕ್ಷೆಯ ಅಂಕಿ, ಮನೆ ಸಮೀಕ್ಷೆಗಳಿಂದ ‘ಗೊತ್ತಿರುವವರು’ ಶೇ 87. ಕಳೆದರೆ ಉಳಿದದ್ದು 53 ಲಕ್ಷ. ಮೇಲಿನ ಸಂಖ್ಯೆ ನಲವತ್ತು ಲಕ್ಷದಷ್ಟು ಅತ್ತಿತ್ತ ಆಗಬಹುದಾದರೆ ಕಳೆದು ಉಳಿದದ್ದು ಎಷ್ಟು ಅಲುಗಬಹುದೆಂದು ಊಹಿಸಿಕೊಳ್ಳಿ. ಚಿಕಿತ್ಸೆಯಲ್ಲಿರುವ 3 ಕೋಟಿ 16 ಲಕ್ಷ ಮಾತ್ರ ಹೆಚ್ಚು ಗಟ್ಟಿಯಾದ ಸಂಖ್ಯೆ. ಅದು ಔಷಧಿ ಕೊಡುವ ಕೇಂದ್ರಗಳಿಂದ ಎಣಿಸಿ ಬಂದದ್ದು. ಅಲ್ಲೂ ಒಂದು ಕೇಂದ್ರ ಬಿಟ್ಟು ಇನ್ನೊಂದಕ್ಕೆ ಹೋದವರು ಎರಡು ಕಡೆ ಲೆಕ್ಕವಾಗುತ್ತಾರೆ. ನೆರೆಹೊರೆಯವರ ಕಣ್ಣಿಗೆ ಬೀಳಬಾರದೆಂದು ಜನ ಪಕ್ಕದ ಜಿಲ್ಲೆಗೆ ಹೋಗಿ ಔಷಧಿ ತರುವುದರಿಂದ, ಕೆಲವು ಜಿಲ್ಲೆಗಳಲ್ಲಿ ಇರುವ ಸೋಂಕಿತರಿಗಿಂತ ಚಿಕಿತ್ಸೆ ಪಡೆಯುವವರೇ ಹೆಚ್ಚು ಎಂಬ ಲೆಕ್ಕ ಬಂದದ್ದೂ ಉಂಟು. ಜಿಲ್ಲಾಮಟ್ಟದ ಅಂದಾಜಿಗೆ ರೂಪಿಸಿದ ನವೋಮಿ ಎಂಬ ಮಾಡೆಲ್ ಈ ಓಡಾಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

2025ರ ಆರಂಭದಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ತಡೆಹಿಡಿದಾಗ ಔಷಧಿ ಸಿಗದವರ ಸುದ್ದಿ ಬಂತು, ಬರಲೇಬೇಕಿತ್ತು. ಅದರ ನೆರಳಿನಲ್ಲೇ ಇನ್ನೊಂದೂ ನಿಂತಿತು. 1984ರಿಂದ ಆ ನೆರವಿನ ಮೇಲೆ ನಡೆದುಬಂದಿದ್ದ ಜನಸಂಖ್ಯಾ ಮತ್ತು ಆರೋಗ್ಯ ಸಮೀಕ್ಷೆಗಳ ಕಾರ್ಯಕ್ರಮವನ್ನು ಕೊನೆಗೊಳಿಸಲಾಯಿತು. ಹಲವು ದೇಶಗಳಲ್ಲಿ ಸಮೀಕ್ಷೆಗಳು ಅರ್ಧದಲ್ಲೇ ನಿಂತವು. ಅಂಕಿ ಬರುವುದು ನಿಂತರೆ ಸ್ಪೆಕ್ಟ್ರಮ್ ನಿಲ್ಲುವುದಿಲ್ಲ. ಹಿಂದಿನ ವರ್ಷಗಳ ಓಟವನ್ನೇ ಹಿಡಿದು ಅದು ಗೆರೆಯನ್ನು ಮುಂದಕ್ಕೆ ಎಳೆಯುತ್ತಲೇ ಹೋಗುತ್ತದೆ. ಪ್ರತಿ ವರ್ಷ ಒಂದು ಸಂಖ್ಯೆ ಬರುತ್ತದೆ, ಅದರ ಪಕ್ಕದ ಎರಡು ಸಂಖ್ಯೆಗಳು ಒಂದರಿಂದ ಒಂದು ದೂರವಾಗುತ್ತಾ ಹೋಗುತ್ತವೆ.